ವಿದೇಶದಲ್ಲಿ ಒಂದು ಶಾಲಾ ವರ್ಷ: ಬೆಂಗಳೂರಿನ ವಿದ್ಯಾರ್ಥಿಗಳಿಗೆ ಎಕ್ಸ್‌ಚೇಂಜ್ ಮಾರ್ಗದರ್ಶಿ

ಮಗಳು ಎಕ್ಸ್‌ಚೇಂಜ್ ಸ್ಟೂಡೆಂಟ್ ಆಗಿ ಹೋಗಬೇಕು ಅಂದ ಕೂಡಲೇ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ ‘ಎಷ್ಟು ಖರ್ಚಾಗುತ್ತೆ?’ ಎಂಬುದು. ಮೊದಲು ಕೇಳಬೇಕಾದದ್ದು ‘ಯಾವ ವರ್ಷ ಹೋಗೋದು?’ ಎಂದು. ಹಣಕ್ಕೆ ಸ್ಕಾಲರ್‌ಶಿಪ್ ಇದೆ, ಕಂತು ಇದೆ, ಹೇಗೋ ಹೊಂದಿಸಬಹುದು. ವರ್ಷದ ಆಯ್ಕೆ ತಪ್ಪಿದರೆ ಪಿಯುಸಿಯ ಲಯ ಕೆಟ್ಟು ಸಿಇಟಿಗೂ ಪೆಟ್ಟು ಬೀಳುತ್ತದೆ.

ಇಲ್ಲಿ ಹೇಳುತ್ತಿರುವುದು ಡಿಗ್ರಿಗೆ ಹೋಗುವ ವಿಚಾರವಲ್ಲ. 15ರಿಂದ 18ರ ವಯಸ್ಸಿನ ವಿದ್ಯಾರ್ಥಿ ಬೇರೆ ದೇಶದಲ್ಲಿ ಹೋಸ್ಟ್ ಕುಟುಂಬದ ಜೊತೆ ಇದ್ದು, ಅಲ್ಲಿನ ಹೈಸ್ಕೂಲಿನಲ್ಲಿ ಸುಮಾರು ಹತ್ತು ತಿಂಗಳು ಓದಿ ಬರುವ ಕಾರ್ಯಕ್ರಮ.

ಯಾವ ವರ್ಷ ಹೋಗಬೇಕು

ನಮ್ಮ ಸ್ಪಷ್ಟ ಅಭಿಪ್ರಾಯ: ಎಸ್ಸೆಸ್ಸೆಲ್ಸಿ ಮುಗಿಸಿ, ಪ್ರಥಮ ಪಿಯುಸಿಗೆ ಸೇರುವ ಮೊದಲು. ಮಾರ್ಚ್–ಏಪ್ರಿಲ್‌ನಲ್ಲಿ ಪರೀಕ್ಷೆ, ಮೇ ತಿಂಗಳಲ್ಲಿ ಫಲಿತಾಂಶ, ಆಗಸ್ಟ್‌ನಲ್ಲಿ ಅಮೆರಿಕ ಅಥವಾ ಯುರೋಪಿಗೆ ಪ್ರಯಾಣ, ಮರುವರ್ಷ ಜೂನ್ ಹೊತ್ತಿಗೆ ವಾಪಸು. ಒಂದು ವರ್ಷ ಹಿಂದೆ ಬೀಳುವುದು ನಿಜ, ಆದರೆ ಪಿಯುಸಿಯ ಎರಡೂ ವರ್ಷ ಮಧ್ಯೆ ತುಂಡಾಗದೆ ಸಿಗುತ್ತವೆ.

ಪ್ರಥಮ ಪಿಯುಸಿ ಮುಗಿಸಿ ಹೋದರೆ ಏನಾಗುತ್ತದೆ? ಮೊದಲ ವರ್ಷದ ಗಣಿತ, ಭೌತಶಾಸ್ತ್ರ ಮರೆತ ಮೇಲೆ ಎರಡನೇ ವರ್ಷದ ತರಗತಿಯಲ್ಲಿ ಕೂರಬೇಕಾಗುತ್ತದೆ. ಸಿಇಟಿಯಲ್ಲಿ ಎರಡೂ ವರ್ಷದ ಪಾಠದಿಂದ ಪ್ರಶ್ನೆ ಬರುತ್ತದೆ; ಎಂಜಿನಿಯರಿಂಗ್ ರ‍್ಯಾಂಕ್‌ಗೆ ದ್ವಿತೀಯ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಪಿಸಿಎಂಬಿ, ಪಿಸಿಎಂಸಿ ತೆಗೆದುಕೊಂಡವರಿಗೆ ಈ ದಾರಿ ಬೇಡವೆಂದೇ ಹೇಳುತ್ತೇವೆ. ಕಾಮರ್ಸ್, ಆರ್ಟ್ಸ್‌ನವರಿಗೆ ಅಷ್ಟು ಕಷ್ಟವಿಲ್ಲ.

ಎಕ್ಸ್‌ಚೇಂಜ್ ವಿದ್ಯಾರ್ಥಿಗಳಿಗೆ ಕೊಡುವ ಅಮೆರಿಕದ ಜೆ–1 ವೀಸಾಕ್ಕೆ ಇನ್ನೊಂದು ಗಡಿ ಇದೆ. ಕಾರ್ಯಕ್ರಮ ಶುರುವಾಗುವ ದಿನ ವಯಸ್ಸು 15 ತುಂಬಿರಬೇಕು, ಹದಿನೆಂಟೂವರೆ ದಾಟಿರಬಾರದು; ಒಂದನೇ ತರಗತಿಯಿಂದ ಎಣಿಸಿ 11 ವರ್ಷಕ್ಕಿಂತ ಹೆಚ್ಚು ಓದಿರಬಾರದು. ಅಂದರೆ ಪ್ರಥಮ ಪಿಯುಸಿ ಮುಗಿಸಿದವರು ಅಂಚಿನಲ್ಲಿರುತ್ತಾರೆ, ದ್ವಿತೀಯ ಪಿಯುಸಿ ಮುಗಿಸಿದವರಿಗೆ ಆ ಬಾಗಿಲು ಮುಚ್ಚಿದಂತೆ.

ಸಿಬಿಎಸ್‌ಇಯವರದ್ದು ಸ್ವಲ್ಪ ಸಿಕ್ಕು. ಅವರ 11ನೇ ತರಗತಿ ಏಪ್ರಿಲ್‌ನಲ್ಲೇ ಆರಂಭವಾಗುತ್ತದೆ. ಜೂನ್‌ನಲ್ಲಿ ಮರಳಿದರೆ ಎರಡು ತಿಂಗಳ ಪಾಠ ಕಳೆದಿರುತ್ತದೆ. 11 ಮತ್ತು 12 ಸೇರಿ ಒಂದೇ ಎರಡು ವರ್ಷದ ಕೋರ್ಸ್ ಆಗಿರುವುದರಿಂದ, ವಿದೇಶದ ವರ್ಷವನ್ನೇ 11 ಎಂದು ಲೆಕ್ಕ ಹಾಕಿ ನೇರ 12ಕ್ಕೆ ಕೂರಿಸುತ್ತಾರೆ ಎಂದು ನಂಬಿ ಹೊರಡಬೇಡಿ. ‘ನೋಡೋಣ ಬಿಡಿ’ ಎಂದು ಪ್ರಿನ್ಸಿಪಾಲರು ಬಾಯಲ್ಲಿ ಹೇಳಿದ್ದು ಮರುವರ್ಷ ಅವರು ವರ್ಗವಾದರೆ ನಡೆಯುವುದಿಲ್ಲ. ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ. ಅದಾಗದಿದ್ದರೆ ವಾಪಸು ಬಂದ ಮೇಲೆ ರಾಜ್ಯ ಪಿಯು ಕಾಲೇಜಿಗೆ ಸೇರುವುದೇ ಸಲೀಸು.

ಜಪಾನಿನ ಶಾಲಾ ವರ್ಷ ಏಪ್ರಿಲ್‌ಗೆ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳದ್ದು ಜನವರಿ–ಫೆಬ್ರವರಿಗೆ ಶುರು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಇವು ನೇರವಾಗಿ ಡಿಕ್ಕಿ ಹೊಡೆಯುತ್ತವೆ.

ಯಾರ ಮೂಲಕ ಹೋಗಬೇಕು

ಬೆಂಗಳೂರಿನವರಿಗೆ ಮುಖ್ಯವಾಗಿ ಮೂರು ದಾರಿ. ಮೊದಲನೆಯದು ಎಎಫ್‌ಎಸ್: ಅಂತರರಾಷ್ಟ್ರೀಯ ಎಕ್ಸ್‌ಚೇಂಜ್ ಸಂಸ್ಥೆ, ಹಲವು ದೇಶಗಳ ಆಯ್ಕೆ, ಶುಲ್ಕ ಹೆಚ್ಚು, ಕೆಲವರಿಗೆ ಸ್ಕಾಲರ್‌ಶಿಪ್. ಅಮೆರಿಕ ಸರ್ಕಾರದ ಹಣದಲ್ಲಿ ನಡೆಯುವ ಕೆನೆಡಿ–ಲೂಗರ್ ಯೂತ್ ಎಕ್ಸ್‌ಚೇಂಜ್ ಕಾರ್ಯಕ್ರಮಕ್ಕೂ ಭಾರತದಲ್ಲಿ ಎಎಫ್‌ಎಸ್ ಮೂಲಕವೇ ಆಯ್ಕೆ ನಡೆದಿದೆ. ಅದು ಸರ್ಕಾರಿ ಬಜೆಟ್‌ಗೆ ಕಟ್ಟುಬಿದ್ದದ್ದು, ಆಯಾ ವರ್ಷ ಪ್ರಕಟಣೆ ಹೊರಟಿದೆಯೇ ಎಂದು ನೋಡಿ.

ಎರಡನೆಯದು ರೋಟರಿ ಯೂತ್ ಎಕ್ಸ್‌ಚೇಂಜ್. ಅಪ್ಪ ರೋಟರಿ ಸದಸ್ಯರಾಗಿರಬೇಕು ಎಂಬುದು ತಪ್ಪು ಕಲ್ಪನೆ; ಯಾರ ಮಕ್ಕಳಾದರೂ ಹೋಗಬಹುದು, ಆದರೆ ನಿಮ್ಮ ಬಡಾವಣೆಯ ಯಾವುದಾದರೂ ಕ್ಲಬ್ ಹೆಸರು ಸೂಚಿಸಬೇಕು. ವಿಮಾನ ಟಿಕೆಟ್, ವಿಮೆ, ವೀಸಾ ನಿಮ್ಮದು. ಅಲ್ಲಿನ ಊಟ, ವಸತಿ, ಶಾಲೆ, ತಿಂಗಳ ಕೈಖರ್ಚು ಅಲ್ಲಿನ ಕ್ಲಬ್ ಮತ್ತು ಕುಟುಂಬಗಳದ್ದು. ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಮನೆ ಬದಲಾಯಿಸುವುದು ರೋಟರಿಯ ರೂಢಿ. ನಿಮ್ಮ ಮನೆಯಲ್ಲೂ ಒಬ್ಬ ವಿದೇಶಿ ವಿದ್ಯಾರ್ಥಿಯನ್ನು ಕೆಲವು ತಿಂಗಳು ಇಟ್ಟುಕೊಳ್ಳಿ ಎಂದು ಕೇಳುವುದುಂಟು. ಒಪ್ಪುವ ಮೊದಲು ಅಜ್ಜಿಯನ್ನೂ ಕೇಳಿ.

ಮೂರನೆಯದು ಖಾಸಗಿ ಏಜೆಂಟರು. ಇಲ್ಲಿ ಕಣ್ಣು ತೆರೆದಿರಬೇಕು. ಅಮೆರಿಕಕ್ಕಾದರೆ ಅಲ್ಲಿನ ಪ್ರಾಯೋಜಕ ಸಂಸ್ಥೆಯ ಹೆಸರು ಕೇಳಿ, ಅದು ಅಮೆರಿಕ ವಿದೇಶಾಂಗ ಇಲಾಖೆಯ ಜೆ–1 ಪ್ರಾಯೋಜಕರ ಪಟ್ಟಿಯಲ್ಲಿದೆಯೇ, ಎಕ್ಸ್‌ಚೇಂಜ್ ಕಾರ್ಯಕ್ರಮಗಳ ಗುಣಮಟ್ಟ ನೋಡುವ ಸಿಎಸ್‌ಐಇಟಿ ಸಂಸ್ಥೆಯ ಪಟ್ಟಿಯಲ್ಲಿದೆಯೇ ಎಂದು ನೀವೇ ತೆರೆದು ನೋಡಿ. ‘ಹೋಸ್ಟ್ ಕುಟುಂಬಕ್ಕೆ ಕೊಡಲು’ ಎಂದು ಬೇರೆ ಹಣ ಕೇಳಿದರೆ ಎದ್ದು ಬನ್ನಿ: ಜೆ–1 ಹೈಸ್ಕೂಲ್ ಕಾರ್ಯಕ್ರಮದಲ್ಲಿ ಹೋಸ್ಟ್ ಕುಟುಂಬಕ್ಕೆ ಹಣ ಕೊಡುವಂತಿಲ್ಲ. ‘ಕುಟುಂಬ ಅಲ್ಲಿ ಹೋದ ಮೇಲೆ ಸಿಗುತ್ತೆ’ ಎಂಬ ಮಾತೂ ಹಾಗೆಯೇ. ಮನೆ, ಶಾಲೆ ಎರಡೂ ಹೊರಡುವ ಮೊದಲೇ ಖಚಿತವಾಗಿರಬೇಕು, ಅದಕ್ಕೆ ಆಗಸ್ಟ್ 31 ಕೊನೆಯ ಗಡುವು.

ಇವುಗಳಲ್ಲಿ ಬಹುತೇಕ ಅರ್ಜಿಗಳು ಹಿಂದಿನ ವರ್ಷದ ಸೆಪ್ಟೆಂಬರ್‌ನಿಂದ ಡಿಸೆಂಬರ್ ನಡುವೆ ಮುಗಿಯುತ್ತವೆ. ಅಂದರೆ ಮಗು ಹತ್ತನೇ ತರಗತಿಯ ಟ್ಯೂಷನ್, ಪ್ರಿಪರೇಟರಿ ಎಂದು ಓಡಾಡುತ್ತಿರುವಾಗ. ಆದ್ದರಿಂದ ಮುಂದೆ ಹೇಳುವ ಪಾಸ್‌ಪೋರ್ಟ್, ಲಸಿಕೆ ಎರಡನ್ನೂ ಒಂಬತ್ತನೇ ತರಗತಿಯ ಬೇಸಿಗೆ ರಜೆಯಲ್ಲೇ ಹಿಡಿಯಿರಿ.

ಹೆಸರು, ಪಾಸ್‌ಪೋರ್ಟ್

ಅತಿ ಹೆಚ್ಚು ಜನ ಎಡವುವುದು ಇಲ್ಲೇ, ಅದೂ ನಮ್ಮ ಇನಿಷಿಯಲ್‌ನಿಂದ. ಶಾಲಾ ದಾಖಲೆಯಲ್ಲಿ ‘ಸ್ಫೂರ್ತಿ ಆರ್’, ಆಧಾರ್‌ನಲ್ಲಿ ‘ಸ್ಫೂರ್ತಿ ರಮೇಶ್’, ಜನನ ಪ್ರಮಾಣಪತ್ರದಲ್ಲಿ ಬರೀ ‘ಸ್ಫೂರ್ತಿ’ — ಇದು ಪ್ರತಿ ಬೀದಿಯ ಕಥೆ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕು. ಸರ್‌ನೇಮ್ ಜಾಗವನ್ನು ಖಾಲಿ ಬಿಟ್ಟು ಒಂದೇ ಹೆಸರು ಹಾಕಿಸಿದರೆ, ಅಮೆರಿಕದ ವೀಸಾದಲ್ಲಿ ಆ ಹೆಸರು ಸರ್‌ನೇಮ್ ಕಡೆಗೆ ಹೋಗಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಅಂದರೆ ಹೆಸರು ಗೊತ್ತಿಲ್ಲ) ಎಂದು ಅಚ್ಚಾಗುತ್ತದೆ. ಆಮೇಲೆ ಟಿಕೆಟ್, ವಿಮೆ, ಶಾಲೆಯ ಐಡಿ ಎಲ್ಲ ಕಡೆಯೂ ಅದೇ ತಕರಾರು. ಸರ್‌ನೇಮ್ ಜಾಗದಲ್ಲಿ ಅಪ್ಪನ ಅಥವಾ ಮನೆತನದ ಹೆಸರು ತುಂಬಿಸಿ, ಎಸ್ಸೆಸ್ಸೆಲ್ಸಿ ನೋಂದಣಿಗೆ ಮುಂಚೆಯೇ ಶಾಲಾ ದಾಖಲೆಯಲ್ಲೂ ಅದನ್ನೇ ಮಾಡಿಸಿ. ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದಿಸುವುದು ತಿಂಗಳುಗಟ್ಟಲೆ ಅಲೆದಾಟ.

ಅರ್ಜಿ ಪಾಸ್‌ಪೋರ್ಟ್ ಸೇವಾ ಪೋರ್ಟಲ್‌ನಲ್ಲಿ. ಅಪಾಯಿಂಟ್‌ಮೆಂಟ್ ಲಾಲ್‌ಬಾಗ್ ರಸ್ತೆ ಅಥವಾ ಮಾರತ್ತಹಳ್ಳಿ ಕೇಂದ್ರದಲ್ಲಿ. ಸಾಮಾನ್ಯವಾಗಿ ಮಕ್ಕಳ ಪಾಸ್‌ಪೋರ್ಟ್‌ಗೆ 1,000 ರೂಪಾಯಿ; ಅದರ ಅವಧಿ 5 ವರ್ಷ ಅಥವಾ 18 ತುಂಬುವ ದಿನ, ಯಾವುದು ಮೊದಲೋ ಅದು. 17ರಲ್ಲಿ ಹೋದ ಹುಡುಗನ ಪಾಸ್‌ಪೋರ್ಟ್ ಅಲ್ಲಿದ್ದಾಗಲೇ ಮುಗಿದುಹೋಗುವುದು ಹೀಗೆ. 15ರಿಂದ 18ರ ನಡುವಿನವರು 1,500 ರೂಪಾಯಿ ಕಟ್ಟಿ 10 ವರ್ಷದ ಪಾಸ್‌ಪೋರ್ಟ್ ಕೇಳಬಹುದು. ಕೇಳಲೇಬೇಕು, ತಾನಾಗಿ ಕೊಡುವುದಿಲ್ಲ. 15 ತುಂಬಲು ಕೆಲವೇ ವಾರ ಬಾಕಿ ಇದ್ದರೆ ಕಾಯಿರಿ. ತಂದೆ–ತಾಯಿ ಇಬ್ಬರೂ ಸಹಿ ಮಾಡಿದ ಅನೆಕ್ಸರ್ ಡಿ, ಜನನ ಪ್ರಮಾಣಪತ್ರ, ಪೋಷಕರ ಪಾಸ್‌ಪೋರ್ಟ್ ಇದ್ದರೆ ಅದರ ಪ್ರತಿ ಜೊತೆಗಿರಲಿ. ಒಬ್ಬರೇ ಪೋಷಕರಾದರೆ ಅನೆಕ್ಸರ್ ಸಿ.

ಲಸಿಕೆ: ಆರು ತಿಂಗಳ ಕೆಲಸ

‘ಎಲ್ಲಾ ಇಂಜೆಕ್ಷನ್ ಹಾಕಿಸಿದೀವಿ’ ಎನ್ನುವ ಮನೆಗಳಲ್ಲೂ ನಾಲ್ಕೈದು ಲಸಿಕೆ ಬಾಕಿ ಇರುತ್ತವೆ. ಕಾರಣ ಸರಳ, ನಮ್ಮ ಸರ್ಕಾರಿ ಪಟ್ಟಿಯೇ ಬೇರೆ. ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುವುದು ದಡಾರ–ರುಬೆಲ್ಲಾ ಲಸಿಕೆ; ಮಂಗನಬಾವು ಅದರಲ್ಲಿ ಇಲ್ಲ. ಅಮೆರಿಕದ ಶಾಲೆಗಳು ಮೂರೂ ಇರುವ ಎಂಎಂಆರ್‌ನ ಎರಡು ಡೋಸ್ ಕೇಳುತ್ತವೆ. ನಮ್ಮಲ್ಲಿ 10 ಮತ್ತು 16ರ ವಯಸ್ಸಿಗೆ ಕೊಡುವ ಟಿಡಿ (ಧನುರ್ವಾಯು, ಗಂಟಲಮಾರಿ) ಲಸಿಕೆಯಲ್ಲಿ ನಾಯಿಕೆಮ್ಮಿನ ಅಂಶವಿಲ್ಲ. ಅವರು ಕೇಳುವುದು ಅದೂ ಸೇರಿರುವ ಟಿಡ್ಯಾಪ್. ಸೀತಾಳೆ ಸಿಡುಬಿನದು ಎರಡು ಡೋಸ್, ಹಲವು ರಾಜ್ಯಗಳಲ್ಲಿ ಮೆನಿಂಗೊಕಾಕಲ್ ಕೂಡ. ಇವು ಖಾಸಗಿ ಮಕ್ಕಳ ವೈದ್ಯರಲ್ಲಿ ಸಿಗುತ್ತವೆ.

ಡೋಸ್‌ಗಳ ನಡುವಿನ ಅಂತರ ಮರೆಯಬೇಡಿ. ಎಂಎಂಆರ್ ಎರಡು ಡೋಸ್ ನಡುವೆ ಕನಿಷ್ಠ 28 ದಿನ. 13 ದಾಟಿದವರಿಗೆ ಸೀತಾಳೆ ಸಿಡುಬಿನ ಲಸಿಕೆಗೂ ಕನಿಷ್ಠ 4 ವಾರ. ಹೆಪಟೈಟಿಸ್ ಬಿ ಹೊಸದಾಗಿ ಶುರು ಮಾಡಿದರೆ 0, 1, 6 ತಿಂಗಳು. ಜುಲೈನಲ್ಲಿ ನೆನಪಾದರೆ ಯಾವ ವೈದ್ಯರೂ ಅದನ್ನು ಆಗಸ್ಟ್ ಒಳಗೆ ಮುಗಿಸಿಕೊಡಲಾರರು. ಜರ್ಮನಿಯಲ್ಲಿ 2020ರ ಮಾರ್ಚ್‌ನಿಂದ ಶಾಲೆಗೆ ಸೇರುವಾಗ ದಡಾರ ಲಸಿಕೆಯ ಪುರಾವೆ ಕಡ್ಡಾಯ.

ಕ್ಷಯ ಪರೀಕ್ಷೆಯಲ್ಲಿ ಒಂದು ಸೂಕ್ಷ್ಮವಿದೆ. ಹುಟ್ಟಿದಾಗ ಬಿಸಿಜಿ ಹಾಕಿಸಿಕೊಂಡ ನಮ್ಮ ಮಕ್ಕಳಿಗೆ ಚರ್ಮದ ಪರೀಕ್ಷೆಯಲ್ಲಿ ಕಾಯಿಲೆ ಇಲ್ಲದೆಯೂ ಪಾಸಿಟಿವ್ ಬರಬಹುದು. ಆಮೇಲೆ ಎಕ್ಸ್‌ರೇ, ವಿವರಣೆ, ಗಾಬರಿ. ಶಾಲೆ ಒಪ್ಪುವುದಾದರೆ ಮೊದಲೇ ಐಜಿಆರ್‌ಎ ರಕ್ತಪರೀಕ್ಷೆ ಮಾಡಿಸಿ, ಬಿಸಿಜಿಯಿಂದ ಅದರ ಫಲಿತಾಂಶ ಕೆಡುವುದಿಲ್ಲ. ಹಲ್ಲಿನ ಕೆಲಸ, ಕನ್ನಡಕ ಎರಡನ್ನೂ ಇಲ್ಲೇ ಮುಗಿಸಿ. ಎಕ್ಸ್‌ಚೇಂಜ್ ವಿಮೆಗಳು ಸಾಮಾನ್ಯವಾಗಿ ಇವಕ್ಕೆ ಹಣ ಕೊಡುವುದಿಲ್ಲ.

ಹೋಸ್ಟ್ ಕುಟುಂಬಕ್ಕೆ ಬರೆಯುವ ಪತ್ರ

ಅರ್ಜಿಯಲ್ಲಿ ಮೂರು ವರ್ಷದ ಅಂಕಪಟ್ಟಿ, ಶಿಕ್ಷಕರ ಶಿಫಾರಸು, ಇಂಗ್ಲಿಷ್ ಪರೀಕ್ಷೆ (ಅಮೆರಿಕಕ್ಕೆ ಹೆಚ್ಚಾಗಿ ಎಲ್ಟಿಸ್) ಇರುತ್ತವೆ. ಆದರೆ ನಿಮ್ಮನ್ನು ಮನೆಗೆ ಕರೆಸಿಕೊಳ್ಳುವ ಕುಟುಂಬ ಓದುವುದು ಪತ್ರವನ್ನು, ನೋಡುವುದು ಫೋಟೊಗಳನ್ನು. ‘ನಾನು ಶಿಸ್ತಿನ, ಪರಿಶ್ರಮಿ ವಿದ್ಯಾರ್ಥಿ’ ಎಂದು ಬರೆದ ಪತ್ರಗಳ ರಾಶಿಯಲ್ಲಿ ನಿಮ್ಮದೂ ಕಳೆದುಹೋಗುತ್ತದೆ. ಭಾನುವಾರ ಬೆಳಿಗ್ಗೆ ಏನು ಮಾಡುತ್ತೀರಿ, ತಮ್ಮನ ಜೊತೆ ಯಾವುದಕ್ಕೆ ಜಗಳ, ಮನೆಗೆಲಸದಲ್ಲಿ ಏನು ಬರುತ್ತದೆ, ಇವನ್ನು ಬರೆಯಿರಿ. ಪಾತ್ರೆ ತೊಳೆಯಲು ಬರುವುದಿಲ್ಲವಾದರೆ ಹೊರಡುವ ಮೊದಲು ಕಲಿಯಿರಿ. ಮನೆಗೆಲಸದವರು ಬರುವ ಮನೆಯಲ್ಲಿ ಬೆಳೆದ ಮಕ್ಕಳಿಗೆ ಅಲ್ಲಿ ಮೊದಲು ಬರುವ ದೂರು ಇದರದ್ದೇ. ಸ್ಟುಡಿಯೊದಲ್ಲಿ ತೆಗೆಸಿದ ಫೋಟೊ ಬೇಡ. ಗಣೇಶ ಹಬ್ಬದಲ್ಲಿ ಮಂಟಪ ಕಟ್ಟುವಾಗ, ಕಬ್ಬನ್ ಪಾರ್ಕಿನಲ್ಲಿ ಸೈಕಲ್ ಹೊಡೆಯುವಾಗ ತೆಗೆದದ್ದು ಸಾಕು.

ಊಟದ ವಿಚಾರದಲ್ಲಿ ಮುಚ್ಚುಮರೆ ಬೇಡ. ‘ವೆಜಿಟೇರಿಯನ್’ ಎಂಬ ಒಂದೇ ಪದದಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಮೊಟ್ಟೆ ತಿನ್ನುತ್ತೀರಾ, ಮೊಟ್ಟೆ ಹಾಕಿದ ಕೇಕ್ ನಡೆಯುತ್ತದಾ, ಮಾಂಸದ ಸಾರಿನಲ್ಲಿ ಮಾಡಿದ ಸೂಪ್, ಜೆಲಟಿನ್ ಇರುವ ಮಿಠಾಯಿ, ಒಂದೇ ಬಾಣಲೆಯಲ್ಲಿ ಹುರಿದದ್ದು — ಒಂದೊಂದಕ್ಕೂ ಹೌದು, ಇಲ್ಲ ಎಂದು ಬರೆಯಿರಿ. ಜಪಾನಿನಲ್ಲಿ ತರಕಾರಿ ಸೂಪಿಗೂ ಮೀನಿನ ಸಾರು ಬಳಸುವುದು ಸಾಮಾನ್ಯ. ಮೊಟ್ಟೆಯನ್ನೂ ಮುಟ್ಟದವರಿಗೆ ಮನೆ ಸಿಗುವುದು ತಡವಾಗಬಹುದು, ಸಿಗುವುದೇ ಇಲ್ಲವೆಂದೇನೂ ಅಲ್ಲ. ಚಿತ್ರಾನ್ನ, ಉಪ್ಪಿಟ್ಟು, ತಿಳಿಸಾರು ಇಷ್ಟನ್ನು ಸ್ವಂತ ಮಾಡಿಕೊಳ್ಳಲು ಬರುತ್ತದೆ ಎಂದು ಬರೆದರೆ ಅರ್ಧ ಚಿಂತೆ ಅವರಿಗೂ ಕಡಿಮೆ.

ಜರ್ಮನಿಗೋ ಫ್ರಾನ್ಸಿಗೋ ಹೋಗುವವರು ಭಾಷೆಯನ್ನು ಈಗಲೇ ಹಿಡಿಯಬೇಕು. ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನ (ಜರ್ಮನಿಯ ಗೊಯೆತೆ ಸಂಸ್ಥೆ), ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್ ಎರಡರಲ್ಲೂ ಆರಂಭದ ಕೋರ್ಸ್ ಇವೆ. ಜರ್ಮನ್ ಭಾಷೆಯ ಮೊದಲ ಮೆಟ್ಟಿಲಾದ ಎ1 ಮಟ್ಟಕ್ಕೆ 45 ನಿಮಿಷದ 80ರಿಂದ 200 ತರಗತಿ ಬೇಕಾಗುತ್ತದೆ ಎಂಬುದು ಗೊಯೆತೆ ಸಂಸ್ಥೆಯದೇ ಅಂದಾಜು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮರುದಿನದಿಂದ ಕೂತರೂ ಸಮಯ ಬಿಗಿ.

ವೀಸಾ

ಅಮೆರಿಕ: ಪ್ರಾಯೋಜಕ ಸಂಸ್ಥೆ ಡಿಎಸ್–2019 ಪತ್ರ ಕಳಿಸುತ್ತದೆ. ಅದರಲ್ಲಿ ಹೆಸರು, ಹುಟ್ಟಿದ ದಿನ ಪಾಸ್‌ಪೋರ್ಟ್‌ನಂತೆಯೇ ಇವೆಯೇ ನೋಡಿ. ನಂತರ 220 ಡಾಲರ್ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ದಾಖಲೆ ವ್ಯವಸ್ಥೆ) ಶುಲ್ಕ, ಡಿಎಸ್–160 ಎಂಬ ಆನ್‌ಲೈನ್ ವೀಸಾ ಅರ್ಜಿ, 185 ಡಾಲರ್ ವೀಸಾ ಶುಲ್ಕ, ಸಂದರ್ಶನ. ಕಾನೂನು ಬದಲಾದಂತೆ ಹೊಸ ಶುಲ್ಕ ಸೇರಿಕೊಳ್ಳಬಹುದು, ಕಟ್ಟುವ ದಿನ ಮತ್ತೆ ನೋಡಿ. ನಮ್ಮೂರಿನ ಅಮೆರಿಕ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಯಾದರೂ ಆಗ ವೀಸಾ ಸೇವೆ ಶುರುವಾಗಿರಲಿಲ್ಲ. ನಿಮ್ಮ ಸರದಿಯ ಹೊತ್ತಿಗೂ ಹಾಗೇ ಇದ್ದರೆ ಚೆನ್ನೈ ಅಥವಾ ಹೈದರಾಬಾದ್ ಪ್ರಯಾಣದ ಲೆಕ್ಕ ಇಟ್ಟುಕೊಳ್ಳಿ. ಸಂದರ್ಶನದಲ್ಲಿ ಉತ್ತರ ಕೊಡಬೇಕಾದವರು ಮಕ್ಕಳು, ಅಪ್ಪ–ಅಮ್ಮ ಅಲ್ಲ. ವಾಪಸು ಬಂದು ಎಲ್ಲಿ ಓದುತ್ತೀ ಎಂದು ಕೇಳಿದಾಗ ‘ಪಿಯುಸಿ’ ಎಂದಷ್ಟೇ ಹೇಳಿದರೆ ಅವರಿಗೆ ಅರ್ಥವಾಗದಿರಬಹುದು. 11 ಮತ್ತು 12ನೇ ತರಗತಿ ಎಂದು ಬಿಡಿಸಿ ಹೇಳಲು ಕಲಿಸಿ.

ಡಿಎಸ್–2019 ಮತ್ತು ವೀಸಾ ಸ್ಟಾಂಪಿನಲ್ಲಿ ‘ಎರಡು ವರ್ಷದ ನಿಯಮ ಅನ್ವಯ’ ಎಂದಿದೆಯೇ ನೋಡಿ. ಸರ್ಕಾರಿ ಹಣದಲ್ಲಿ ಹೋದವರಿಗೆ ಇದು ಸಾಮಾನ್ಯ: ಮುಂದೆ ಎಚ್–1ಬಿ ಅಥವಾ ಗ್ರೀನ್ ಕಾರ್ಡ್ ಬೇಕಾದರೆ ಮೊದಲು ಎರಡು ವರ್ಷ ಭಾರತದಲ್ಲಿ ಇರಬೇಕು. ಡಿಗ್ರಿ ಓದಲು ಹೋಗುವ ಎಫ್–1 ವೀಸಾಕ್ಕೆ ಇದು ಅಡ್ಡಿಯಲ್ಲ.

ಜರ್ಮನಿ: 90 ದಿನ ಮೀರುವುದರಿಂದ ರಾಷ್ಟ್ರೀಯ ವೀಸಾ ಬೇಕು, ಬೆಂಗಳೂರಿನ ಜರ್ಮನ್ ಕಾನ್ಸುಲೇಟ್ ವ್ಯಾಪ್ತಿಯಲ್ಲೇ ಕೆಲಸ ಮುಗಿಯುತ್ತದೆ. ಶುಲ್ಕ 75 ಯೂರೊ, 18ರ ಒಳಗಿನವರಿಗೆ ಅದರ ಅರ್ಧ. ಶಾಲೆಯ ಪತ್ರ, ಕುಟುಂಬದ ಪತ್ರ, ತಂದೆ–ತಾಯಿ ಇಬ್ಬರ ಒಪ್ಪಿಗೆ ಪತ್ರ ಬೇಕು. ಅಲ್ಲಿ ಇಳಿದ ಎರಡು ವಾರದೊಳಗೆ ಊರಿನ ನೋಂದಣಿ ಕಚೇರಿಯಲ್ಲಿ ವಿಳಾಸ ದಾಖಲಿಸಬೇಕು.

ದುಡ್ಡು, ಫೋನು

ಅಮೆರಿಕದಲ್ಲಿ ಕೈಖರ್ಚಿಗೆ ತಿಂಗಳಿಗೆ 200ರಿಂದ 300 ಡಾಲರ್ ಇಟ್ಟುಕೊಳ್ಳಿ. ಶಾಲೆಯ ಮಧ್ಯಾಹ್ನದ ಊಟ, ಕ್ರೀಡಾ ತಂಡದ ಶುಲ್ಕ, ಚಳಿಯ ಕೋಟು ಇದರೊಳಗೇ ಬರುತ್ತವೆ. ಕೋಟನ್ನು ಬೆಂಗಳೂರಿನಲ್ಲಿ ಕೊಳ್ಳಬೇಡಿ, ಮಿನ್ನೆಸೋಟದ ಜನವರಿಗೆ ಇಲ್ಲಿನ ಜಾಕೆಟ್ ಏನೂ ಸಾಲದು. ಕಾರ್ಯಕ್ರಮ ಶುಲ್ಕವನ್ನು ಬ್ಯಾಂಕ್ ಮೂಲಕವೇ ಕಳಿಸಿ. 2025ರ ಏಪ್ರಿಲ್‌ನಿಂದ ಒಂದು ಆರ್ಥಿಕ ವರ್ಷದಲ್ಲಿ 10 ಲಕ್ಷ ರೂಪಾಯಿ ದಾಟಿದ ಭಾಗಕ್ಕೆ ಟಿಸಿಎಸ್ (ಕಳಿಸುವಾಗಲೇ ಬ್ಯಾಂಕ್ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತಾರೆ, ರಿಟರ್ನ್ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು. ಮಗುವಿನ ಹೆಸರಿನಲ್ಲೇ ಹಣ ಕಳಿಸುವುದಾದರೆ ಅದಕ್ಕೂ ಪ್ಯಾನ್ ಬೇಕು.

ಓಟಿಪಿ ಬರುವ ಸಿಮ್ ಮಗುವಿನ ಫೋನಿನ ಜೊತೆ ಹಾರಿಹೋಗದಿರಲಿ. ಅಮ್ಮನ ಬ್ಯಾಂಕ್ ಖಾತೆಗೆ ಮಗನ ನಂಬರ್ ಕೊಟ್ಟಿರುವ ಮನೆಗಳು ಎಷ್ಟೋ! ಮಗುವಿನ ಭಾರತದ ನಂಬರ್‌ಗೆ ವರ್ಷಪೂರ್ತಿ ಸಣ್ಣ ರೀಚಾರ್ಜ್ ಇರಲಿ; 90 ದಿನ ಬಳಕೆ ಇಲ್ಲದಿದ್ದರೆ ನಂಬರ್ ಕೈತಪ್ಪಬಹುದು, ವಾಟ್ಸ್ಯಾಪೂ ಅದರ ಹಿಂದೆಯೇ.

ಪೆಟ್ಟಿಗೆಯಲ್ಲಿ ಏನು ಬೇಡ

ಅಮೆರಿಕಕ್ಕೆ ಅಕ್ಕಿ, ಕಡಲೆಕಾಳು, ಹಸಿ ಕರಿಬೇವು ಒಯ್ಯುವಂತಿಲ್ಲ. ಅಕ್ಕಿ, ಕಡಲೆಗೆ ಧಾನ್ಯ ತಿನ್ನುವ ಖಾಪ್ರಾ ಹುಳುವಿನ ಭಯ, ಕರಿಬೇವಿಗೆ ಕಿತ್ತಳೆ–ನಿಂಬೆ ಗಿಡಗಳ ರೋಗದ ಭಯ. ಸಾರಿನ ಪುಡಿ, ಚಟ್ನಿಪುಡಿ ಒಯ್ಯಬಹುದು. ಅಂಗಡಿಯ ಸೀಲ್ ಇರುವ ಪೊಟ್ಟಣವೇ ಲೇಸು, ಮನೆಯ ಡಬ್ಬಿಯಲ್ಲಿ ಇದೇನೆಂದು ವಿವರಿಸುವುದು ಕಷ್ಟ. ಸುಮಾರು 350 ಗ್ರಾಂ ಮೀರಿದ ಪುಡಿ ಕೈಚೀಲದಲ್ಲಿದ್ದರೆ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ, ಚೆಕ್–ಇನ್ ಪೆಟ್ಟಿಗೆಗೆ ಹಾಕಿ. ಒಣ ಕೊಬ್ಬರಿ ಗಿಟುಕನ್ನು ವಿಮಾನದಲ್ಲಿ ಬಿಡುವುದಿಲ್ಲ, ಎಣ್ಣೆಯಂಶದಿಂದ ಬೆಂಕಿ ಹೊತ್ತುವ ವಸ್ತು ಎಂದು. ಕಸ್ಟಮ್ಸ್ ನಮೂನೆಯಲ್ಲಿ ಆಹಾರ ಇದೆಯೇ ಎಂದು ಕೇಳಿದರೆ ‘ಹೌದು’ ಎನ್ನಿ. ಹೇಳಿ ತೋರಿಸಿದ್ದಕ್ಕೆ ಹೆಚ್ಚೆಂದರೆ ಕಸಿದುಕೊಳ್ಳುತ್ತಾರೆ, ಮುಚ್ಚಿಟ್ಟದ್ದಕ್ಕೆ ದಂಡ.

ಕೈಚೀಲದಲ್ಲಿ: ಪಾಸ್‌ಪೋರ್ಟ್, ಡಿಎಸ್–2019ರ ಮೂಲ ಪ್ರತಿ, ಲಸಿಕೆ ಪಟ್ಟಿ, ವಿಮೆ ಕಾರ್ಡ್, ನೋಟರಿ ಮಾಡಿಸಿದ ಪೋಷಕರ ಒಪ್ಪಿಗೆ ಪತ್ರ, ಹೋಸ್ಟ್ ಕುಟುಂಬದ ವಿಳಾಸ ಕಾಗದದ ಮೇಲೆ. ಫೋನ್ ಚಾರ್ಜ್ ಮುಗಿಯುವುದು ಇಮಿಗ್ರೇಷನ್ ಸಾಲಿನಲ್ಲೇ.

ಅಲ್ಲಿ ಇಳಿದ ಮೇಲೆ

ಮೊದಲ ವಾರದಲ್ಲೇ ಹೋಸ್ಟ್ ಅಮ್ಮ–ಅಪ್ಪನನ್ನು ನೇರ ಕೇಳಬೇಕಾದವು: ಏನೆಂದು ಕರೆಯಲಿ, ಬಟ್ಟೆ ಯಾವ ದಿನ ಒಗೆಯಲಿ, ಫ್ರಿಜ್‌ನಿಂದ ಕೇಳದೆ ಏನು ತೆಗೆಯಬಹುದು, ಸ್ನಾನಕ್ಕೆ ಎಷ್ಟು ಹೊತ್ತು, ಎಷ್ಟು ಗಂಟೆಗೆ ಮನೆಗೆ ಬರಬೇಕು. ನಮ್ಮ ಮಕ್ಕಳು ಸಂಕೋಚದಿಂದ ಕೇಳುವುದಿಲ್ಲ. ಊಟ ಬೇಕಾ ಎಂದರೆ ಒಮ್ಮೆ ‘ಬೇಡ’ ಎನ್ನುತ್ತಾರೆ. ಇಲ್ಲಿನಂತೆ ಅಲ್ಲಿ ಎರಡನೇ ಸಲ ಬಲವಂತ ಮಾಡುವವರಿಲ್ಲ, ತಟ್ಟೆ ಒಳಗೆ ಹೋಗಿಬಿಡುತ್ತದೆ.

ಮನೆಗೆ ಕರೆ ವಾರಕ್ಕೊಮ್ಮೆ ಸಾಕು. ನ್ಯೂಯಾರ್ಕ್ ಬೇಸಿಗೆಯಲ್ಲಿ ನಮಗಿಂತ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ. ಅಲ್ಲಿನ ಭಾನುವಾರ ಬೆಳಿಗ್ಗೆ ಇಲ್ಲಿನ ಸಂಜೆ. ದಿನಾ ರಾತ್ರಿ ವಿಡಿಯೊ ಕಾಲ್ ಮಾಡಿಸುವ ಪೋಷಕರೇ ಮಗುವಿನ ಹೊಂದಾಣಿಕೆಗೆ ಮೊದಲ ಅಡ್ಡಿ. ನವೆಂಬರ್–ಡಿಸೆಂಬರ್‌ನಲ್ಲಿ ದೀಪಾವಳಿ ಕಳೆದು, ಸಂಜೆ ಐದಕ್ಕೇ ಕತ್ತಲಾಗುವಾಗ ಬೇಸರ ಜೋರಾಗುತ್ತದೆ. ಸಂಜೆ ಮನೆಯಿಂದ ಹೊರಗೆ ಎಳೆಯುವ ಏನಾದರೂ ಇದ್ದವರು ಅದನ್ನು ಸುಲಭವಾಗಿ ದಾಟುತ್ತಾರೆ, ಆದ್ದರಿಂದ ಶಾಲೆ ಶುರುವಾದ ವಾರವೇ ಒಂದು ತಂಡಕ್ಕೋ ಬ್ಯಾಂಡ್‌ಗೋ ಸೇರಿ.

ಕುಟುಂಬದ ಜೊತೆ ಸರಿಹೋಗದಿದ್ದರೆ ಮೊದಲು ಸ್ಥಳೀಯ ಸಂಯೋಜಕರಿಗೆ ಹೇಳಿ. ಅಮೆರಿಕದಲ್ಲಿ ಅವರು ನಿಮ್ಮ ಮನೆಯಿಂದ 120 ಮೈಲಿಯೊಳಗೆ ಇರಬೇಕು, ತಿಂಗಳಿಗೊಮ್ಮೆ ನಿಮ್ಮ ಜೊತೆ ಮಾತಾಡಲೇಬೇಕು. ಅವರು ಕಿವಿಗೊಡದಿದ್ದರೆ ಪ್ರಾಯೋಜಕ ಸಂಸ್ಥೆ, ಆಮೇಲೆ ವಿದೇಶಾಂಗ ಇಲಾಖೆಯ ಜೆ–1 ಸಹಾಯವಾಣಿ. ಮನೆ ಬದಲಾಯಿಸುವುದು ಸೋಲಲ್ಲ. ಮೈಮುಟ್ಟುವ, ಹೆದರಿಸುವ, ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವ ಯಾವುದೇ ಸಂಗತಿಗೆ ಈ ಮೆಟ್ಟಿಲುಗಳನ್ನು ಹತ್ತುತ್ತ ಕೂರಬೇಡಿ, ನೇರ ಅಲ್ಲಿನ ತುರ್ತು ಸಂಖ್ಯೆ 911. ಕಾರು ಓಡಿಸುವುದು ಬಹುತೇಕ ಕಾರ್ಯಕ್ರಮಗಳಲ್ಲಿ ನಿಷಿದ್ಧ. ಹಾಗೆ ಸಿಕ್ಕಿಬಿದ್ದವರನ್ನು ಮನೆಗೆ ಕಳಿಸುತ್ತಾರೆ.

ವಾಪಸಾತಿ

ಪ್ರಥಮ ಪಿಯುಸಿ ಪ್ರವೇಶದ ಓಡಾಟ ಏಪ್ರಿಲ್–ಮೇನಲ್ಲೇ ನಡೆಯುತ್ತದೆ, ಆಗ ಮಗು ಇನ್ನೂ ಅಲ್ಲೇ. ಅರ್ಜಿ ತರುವುದು, ತುಂಬುವುದು, ಸೀಟು ಹಿಡಿಯುವುದು ಪೋಷಕರ ಪಾಲು. ಎಸ್ಸೆಸ್ಸೆಲ್ಸಿ ಮೂಲ ಅಂಕಪಟ್ಟಿ, ಟಿಸಿ ಎರಡೂ ಬೆಂಗಳೂರಿನ ಮನೆಯಲ್ಲೇ ಇರಲಿ. ಒಂದು ವರ್ಷದ ಅಂತರ ಯಾಕೆ ಎಂದು ಕಾಲೇಜು ಕೇಳುತ್ತದೆ: ಛಾಪಾ ಕಾಗದದ ಅಫಿಡವಿಟ್, ಕಾರ್ಯಕ್ರಮ ಪೂರೈಸಿದ ಪತ್ರ, ವಿದೇಶಿ ಶಾಲೆಯ ಅಂಕಪಟ್ಟಿ ಜೊತೆಗಿದ್ದರೆ ಸಾಕಾಗುತ್ತದೆ. ಅಂಕಪಟ್ಟಿಯನ್ನು ಶಾಲೆ ಮುಗಿಯುವ ವಾರದಲ್ಲೇ ಸಹಿ, ಸೀಲ್ ಸಮೇತ ಎರಡು ಪ್ರತಿ ಕೇಳಿ ತನ್ನಿ. ಜುಲೈನಲ್ಲಿ ಅಮೆರಿಕದ ಶಾಲೆಗಳ ಕಚೇರಿಯಲ್ಲಿ ಉತ್ತರ ಕೊಡುವವರು ಸಿಗುವುದು ಕಷ್ಟ. ಅಲ್ಲಿನ ಕೆಲವು ಶಾಲೆಗಳು ಜೂನ್ ಕೊನೆಯವರೆಗೂ ನಡೆಯುತ್ತವೆ. ಹೋಸ್ಟ್ ಊರು ಗೊತ್ತಾದ ದಿನವೇ ಶಾಲೆಯ ಕ್ಯಾಲೆಂಡರ್ ತೆಗೆದು, ಇಲ್ಲಿನ ದಂಡ ಸಹಿತ ಪ್ರವೇಶದ ಕೊನೆಯ ದಿನದೊಂದಿಗೆ ಹೋಲಿಸಿ ನೋಡಿ.

ಸಿಇಟಿಗೆ ಕರ್ನಾಟಕದ ಅಭ್ಯರ್ಥಿ ಎನಿಸಿಕೊಳ್ಳಲು ಇರುವ ಮುಖ್ಯ ದಾರಿ, ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ 7 ಪೂರ್ಣ ಶೈಕ್ಷಣಿಕ ವರ್ಷ ಇಲ್ಲಿ ಓದಿ, ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿಯನ್ನು ಇಲ್ಲೇ ಪಾಸಾಗಿರುವುದು. ವಿದೇಶದ ವರ್ಷ ಈ ಏಳರಲ್ಲಿ ಬರುವುದಿಲ್ಲ. ಹುಟ್ಟಿದಾಗಿನಿಂದ ಬೆಂಗಳೂರಿನಲ್ಲೇ ಓದಿದವರಿಗೆ ಚಿಂತೆಯಿಲ್ಲ. ಅಪ್ಪನ ವರ್ಗಾವಣೆಯಿಂದ ಪುಣೆ, ಹೈದರಾಬಾದ್ ಸುತ್ತಿ ಏಳನೇ ತರಗತಿಗೆ ಇಲ್ಲಿಗೆ ಬಂದವರು ಬೆರಳು ಮಡಚಿ ಎಣಿಸಿ. ಓದಿದ ಶಾಲೆಗಳಿಂದ ಬಿಇಒ ಮೇಲುಸಹಿ ಇರುವ ವ್ಯಾಸಂಗ ಪ್ರಮಾಣಪತ್ರವನ್ನು ಹೊರಡುವ ಮೊದಲೇ ಮಾಡಿಸಿಟ್ಟುಕೊಳ್ಳಿ.